ಬಂತು... ಹೋಯಿತು!

ಹೊಸಪೇಟೆಯಲ್ಲಿ ಇಬ್ಬರು ಎದುರಾದರೆ ಮಾತು ಶುರುವಾಗುವುದು ಡ್ಯಾಮಿನಿಂದ. 'ನೀರು ಎಷ್ಟ್ ಬಂದೈತಿ?' ಎಂಬುದು ಮೊದಲ ಪ್ರಶ್ನೆ. 'ಕರೆಂಟ್ ಯಾವಾಗ ಬರ್ತೈತಂತೆ?' ಎಂಬುದು ಎರಡನೆಯದು. 2020ರ ಲಾಕ್‌ಡೌನ್ ಆದ ಮೇಲೆ ಇವೆರಡರ ಬಾಲಕ್ಕೆ ಮೂರನೆಯದೊಂದು ಅಂಟಿಕೊಂಡಿದೆ: 'ನಿಮ್ಮನ್ಯಾಗ ನೆಟ್ ಐತೇನ್ರಿ?' ಕೇಳಿದವನ ಮನೆಯಲ್ಲಿ ಇಲ್ಲವೆಂಬುದು ಅವನ ಮುಖದ ಮೇಲೇ ಬರೆದಿರುತ್ತದೆ. ಎದುರಿನವನೂ 'ಇಲ್ರಿ' ಎಂದುಬಿಟ್ಟರೆ ಅವನಿಗೆ ಎಂಥದೋ ಸಮಾಧಾನ. ಊರಿಗೆ ಬಂದದ್ದು ತನಗೊಬ್ಬನಿಗೇ ಅಲ್ಲವಲ್ಲ!

ಪೂರ್ತಿಯಾಗಿ ಸತ್ತುಹೋದ ನೆಟ್ಟು ಒಂದು ಬಗೆಯಲ್ಲಿ ಮರ್ಯಾದಸ್ಥ. ದೂರು ಕೊಡಬಹುದು, ರಿಪೇರಿಯವನು ಬಂದರೆ ತೋರಿಸಬಹುದು. ಕಷ್ಟವೆಲ್ಲ ಬಂದು ಹೋಗುವ ನೆಟ್ಟಿನದು. ಡಾಕ್ಟರ ಮನೆಯ ಹೊಸ್ತಿಲು ತುಳಿದೊಡನೆ ಮಗುವಿನ ಜ್ವರ ಇಳಿಯುವಂತೆ, ರಿಪೇರಿಯ ಹುಡುಗ ಬೈಕ್ ನಿಲ್ಲಿಸಿದೊಡನೆ ಅದು ಸರಿಯಾಗುತ್ತದೆ. ಅವನು ತನ್ನ ಮೊಬೈಲಿನಲ್ಲಿ ವೇಗ ಅಳೆದು 'ಫುಲ್ ಬರ್ತೈತಲ್ರಿ ಸರ್' ಎಂದು ನಕ್ಕು ಹೋಗುತ್ತಾನೆ. ಅವನ ಬೈಕು ತಿರುವು ದಾಟುವಷ್ಟರಲ್ಲಿ ಮತ್ತೆ ಹೋಯಿತು.

ಚಿತ್ತವಾಡ್ಗಿ ಕಡೆಯ ಒಂದು ಮನೆಯಲ್ಲಿ ಈ ಆಟ ಎರಡು ತಿಂಗಳು ನಡೆಯಿತು. ಮನೆಯ ಯಜಮಾನರು ಮೂವತ್ತು ವರ್ಷ ಕಾಲುವೆಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿದೆ. ಒಬ್ಬಳೇ ಮಗಳು ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯ ನಡುಕೋಣೆಯಲ್ಲಿ ಕುಳಿತು ಮಾಡುತ್ತ, ನಡುನಡುವೆ ಎದ್ದು ಹೋಗಿ ತಾಯಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಬರುತ್ತಾಳೆ. ಬೆಳಿಗ್ಗೆ ಹತ್ತೂವರೆಗೆ ಅವಳಿಗೆ ದಿನವೂ ಮೀಟಿಂಗು. ಅದರಲ್ಲಿ ಅವಳ ಮುಖ ಬಾಯಿ ತೆರೆದಂತೆಯೇ ಕಲ್ಲಾಗಿ ನಿಂತು, ಆಮೇಲೆ ಮಾಯವಾಗುವುದು ವಾರಕ್ಕೆ ನಾಲ್ಕು ಸಲವಾದಾಗ ಮೇಲಧಿಕಾರಿಯಿಂದ ಸಭ್ಯವಾದ ಒಂದು ಪತ್ರ ಬಂತು: ತಿಂಗಳೊಳಗೆ ಸಂಪರ್ಕ ಸರಿಪಡಿಸಿಕೊಳ್ಳಿ, ಇಲ್ಲವಾದರೆ ಕಚೇರಿಗೆ ಬನ್ನಿ. ಅವಳು ಏನೂ ಮಾತಾಡದೆ ಹಂಪಿ ಎಕ್ಸ್‌ಪ್ರೆಸ್ಸಿಗೆ ಒಂದು ಟಿಕೆಟ್ ಕಾದಿರಿಸಿದಳು. ತಾಯಿಯನ್ನು ನೋಡಿಕೊಳ್ಳಲು ಯಾರು ಸಿಗುತ್ತಾರೆ ಎಂದು ತಂದೆ ಓಣಿಯಲ್ಲಿ ವಿಚಾರಿಸತೊಡಗಿದರು.

ಮೊದಲ ಚಿಕಿತ್ಸೆ ಎಲ್ಲರಿಗೂ ಗೊತ್ತಿರುವುದೇ. ರೂಟರ್ ಆರಿಸು, ಹತ್ತು ಎಣಿಸು, ಮತ್ತೆ ಹಚ್ಚು. ಇದನ್ನು ಕಂಡು ಕೆಲವರು ನಗುತ್ತಾರೆ, ಆದರೆ ನಗಬೇಕಾದದ್ದೇನಿಲ್ಲ. ರೂಟರೂ ಒಂದು ಪುಟ್ಟ ಕಂಪ್ಯೂಟರೇ; ಅದರ ನೆನಪಿನ ಕೋಣೆ ತುಂಬಿ ಕಸ ಕಟ್ಟಿಕೊಂಡಾಗ ಆರಿಸಿ ಹಚ್ಚಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ. ತೊಂದರೆಯೆಂದರೆ, ಆರಿಸಿದೊಡನೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ನೆಟ್ಟು ಹೋದ ಗಳಿಗೆಯಲ್ಲಿ ಯಾವ ದೀಪ ಉರಿಯುತ್ತಿತ್ತು, ಯಾವುದು ಆರಿತ್ತು ಎಂಬುದನ್ನು ನೋಡದೆ ಸ್ವಿಚ್ಚಿಗೆ ಕೈ ಹಾಕುವುದು, ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುಂಚೆ ಗುಡಿಸಿ ಸಾರಿಸಿ ಇಟ್ಟಂತೆ.

ಯಜಮಾನರಿಗೆ ಇಂಟರ್‌ನೆಟ್ ಗೊತ್ತಿಲ್ಲ, ಕಾಲುವೆ ಗೊತ್ತು. ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದು ರೈತ ಕೂಗಾಡಿದರೆ, ಅವರು ಡ್ಯಾಮಿಗೆ ಫೋನು ಮಾಡಿದವರಲ್ಲ. ಗದ್ದೆಯ ತೂಬಿನಿಂದ ಶುರುಮಾಡಿ ಮೇಲ್ಮುಖವಾಗಿ ನಡೆಯುವುದು: ತೂಬು, ಮರಿಗಾಲುವೆ, ಉಪಕಾಲುವೆ, ಆಮೇಲೆ ದೊಡ್ಡ ಕಾಲುವೆ. ನೀರು ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ ಎಂಬ ಒಂದು ಗೆರೆ ಸಿಕ್ಕರೆ ಅಲ್ಲೇ ಇಲಿಯ ಬಿಲವೋ, ರಾತ್ರಿ ಯಾರೋ ಇಟ್ಟ ಅಡ್ಡಹಲಗೆಯೋ ಇದ್ದೇ ಇರುತ್ತದೆ. ಡ್ಯಾಮಿನಲ್ಲೂ ಕೆಡುಕು ಆಗದೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಆದರೆ ಅಂಥದು ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಬ್ಬನ ಗದ್ದೆ ಮಾತ್ರ ಒಣಗಿದ್ದರೆ ಕಾರಣ ಅವನ ಬದುವಿನ ಹತ್ತಿರವೇ ಇರಬೇಕು. ಅಕ್ಕಪಕ್ಕದ ಮೂರು ಮನೆಗಳಲ್ಲಿ ಅದೇ ಕಂಪನಿಯ ನೆಟ್ಟು ಸರಿಯಾಗಿಯೇ ಇತ್ತು.

ಹಾಗಾಗಿ ಅವರು ನೂರು ಪುಟದ ನೋಟುಬುಕ್ಕೊಂದನ್ನು ತಂದು ಗೆರೆ ಎಳೆದರು. ಹೋದ ಹೊತ್ತು, ಬಂದ ಹೊತ್ತು, ಉರಿಯುತ್ತಿದ್ದ ದೀಪ, ಹವಾಮಾನ. ಗೇಜ್ ಬರೆದಂತೆಯೇ.

ಇಷ್ಟರಲ್ಲಿ ಬಂಧುಬಳಗದವರ ಸಲಹೆಗಳು ಬರತೊಡಗಿದವು. ಪ್ರತಿಯೊಬ್ಬರದೂ ಅವರವರ ಊರಿನ ಅನುಭವ.

ಕಂಪ್ಲಿಯ ಭಾವಮೈದುನರು ಖಂಡಿತವಾಗಿ ಹೇಳಿದರು: 'ಮಳೀದೇ ಕಾಟ.' ಅವರ ಅನುಭವವೂ ಸುಳ್ಳಲ್ಲ. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗಲೂ, 2005ರಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗಲೂ ಮನೆಗೆ ಬರುತ್ತಿದ್ದುದು ಹಳೆಯ ಟೆಲಿಫೋನಿನ ಜೋಡಿ ತಾಮ್ರದ ತಂತಿಯೇ. ಮಾತಿಗೆ ಬೇಕಾದದ್ದು 4 ಕಿಲೋಹರ್ಟ್ಸ್‌ನ ಒಳಗಿನ ಕಂಪನ. ಬ್ರಾಡ್‌ಬ್ಯಾಂಡ್ ಅದೇ ತಂತಿಯ ಮೇಲೆ ಸುಮಾರು 25ರಿಂದ 1,100 ಕಿಲೋಹರ್ಟ್ಸ್‌ವರೆಗಿನ ಜಾಗದಲ್ಲಿ ಓಡುತ್ತಿತ್ತು. ಎರಡನ್ನೂ ಬೇರ್ಪಡಿಸಲು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಫಿಲ್ಟರ್. ಅದನ್ನು ಹಾಕದೆ ಇನ್ನೊಂದು ಫೋನು ಜೋಡಿಸಿದ ಮನೆಗಳಲ್ಲಿ ರಿಸೀವರ್ ಎತ್ತಿದೊಡನೆ ನೆಟ್ಟು ಬೀಳುತ್ತಿತ್ತು. ಕಂಪ್ಲಿಯೋ ಹೊಳೆಯ ದಂಡೆಯ ಊರು. ಸುತ್ತ ಭತ್ತ, ಬಾಳೆ, ಕಬ್ಬು. ಜಲಾಶಯದಿಂದ ಲಕ್ಷಕ್ಕೂ ಮೇಲ್ಪಟ್ಟು ಕ್ಯೂಸೆಕ್ ಬಿಟ್ಟರೆ ಗಂಗಾವತಿ ಕಡೆಯ ಸೇತುವೆಯೇ ಮುಳುಗುತ್ತದೆ. ಅಂಥ ಕಡೆ ನೆಲದೊಳಗಿನ ಕೇಬಲ್ಲಿನ ಬೆಸುಗೆಗೆ ತೇವ ಇಳಿದರೆ ತಾಮ್ರ ಹಸಿರುಗಟ್ಟಿ, ಒಂದು ತಂತಿಯ ವಿದ್ಯುತ್ತು ಇನ್ನೊಂದಕ್ಕೆ ಜಿನುಗುತ್ತದೆ. ಫೋನಿನಲ್ಲಿ 'ಕರಕರ' ಕೇಳಿಸಿದರೆ ನೆಟ್ಟು ಹೋಗುತ್ತದೆಂದು ಭಾವಮೈದುನರು ಮೊದಲೇ ಹೇಳುತ್ತಿದ್ದರಂತೆ. ಒಳ್ಳೆಯ ಲಕ್ಷಣವದು.

ಆದರೆ ಹೊಸಪೇಟೆಯ ಮನೆಗೆ ಬರುವುದು ತಾಮ್ರವಲ್ಲ, ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಗಾಜಿಗೆ ತುಕ್ಕಿಲ್ಲ.

ಹಂಪಿಯ ಹತ್ತಿರ, ಕಡ್ಡಿರಾಂಪುರದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಗೆಳೆಯರು ವೈಫೈಯನ್ನೇ ದೂರಿದರು. ಅವರ ಕಟ್ಟಡದ ಹಿಂದಿನ ಭಾಗ ಕಲ್ಲು ಗೋಡೆಯದು. ಕಲ್ಲು ದಾಟಿದ ಮೇಲೆ ವೈಫೈ ಬಡಕಲಾಗುತ್ತದೆ. 5 ಗಿಗಾಹರ್ಟ್ಸ್‌ನ ವೇಗದ ಅಲೆ 2.4ರದಕ್ಕಿಂತ ಬೇಗ ಸೋಲುತ್ತದೆ. 2.4ರದಕ್ಕೆ ಬೇರೆ ಪೀಡೆ: ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ, ಬ್ಲೂಟೂತೂ ಅಲ್ಲೇ. ಆ ಪಟ್ಟಿಯಲ್ಲಿ ಚಾನೆಲ್ಲುಗಳು 13 ಇದ್ದರೂ ಒಂದರ ಮೇಲೊಂದು ಬೀಳದಂಥವು ಮೂರೇ, 1, 6 ಮತ್ತು 11. ಸಾಲು ಮನೆಗಳ ಹತ್ತು ರೂಟರುಗಳು ಒಂದೇ ಚಾನೆಲ್ಲಿನಲ್ಲಿ ಕೂತರೆ ಶನಿವಾರದ ಸಂತೆಯ ಹಾಗೆ, ಎಲ್ಲರೂ ಕೂಗುತ್ತಾರೆ, ಯಾರದೂ ಕೇಳಿಸದು. ಗೆಳೆಯರು ಚಾನೆಲ್ ಬದಲಿಸಿ, ರೂಟರನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ಮೇಲೆ ಕೂರಿಸಿದ ಮೇಲೆ ಅರ್ಧ ದೂರುಗಳು ನಿಂತವು. ಇನ್ನರ್ಧಕ್ಕೆ ಮಂಗಗಳು ಕಾರಣವಂತೆ. ಹಂಪಿಯ ಮಂಗಗಳಿಗೆ ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ಲು ಜೋಕಾಲಿಯೇ ಸರಿ. ಅದಕ್ಕೆ ಮದ್ದು ಚಾನೆಲ್ಲಿನಲ್ಲಿಲ್ಲ.

ಸಂಡೂರಿನಿಂದ ಬಂದ ಸಲಹೆ ಇನ್ನೂ ರುಚಿಯಾದದ್ದು. 'ಕಬ್ಬಿಣದ ಗುಡ್ಡ ಸಿಗ್ನಲ್ ಎಳ್ಕೊಂತೈತಿ' ಎಂದರು ಅಲ್ಲಿನ ಬೀಗರು. ಅಲ್ಲಿ ಅನೇಕರು ಇದನ್ನು ನಂಬಿದ್ದಾರೆ, ಪಾಪ. ಅದಿರು ಅಯಸ್ಕಾಂತದಂತೆ ಅಲೆಗಳನ್ನು ಸೆಳೆಯುತ್ತದೆಂಬುದು ಕಲ್ಪನೆ. ಸಂಡೂರು ಸುತ್ತಲೂ ಗುಡ್ಡದ ಗೋಡೆಯಿರುವ ಕಣಿವೆ. ಹೊಳೆ ಹೊರಬೀಳುವುದಕ್ಕೂ ಗುಡ್ಡ ಕೊರೆದ ಗಂಡಿಯೇ ಬೇಕಾಯಿತು. ಬೀಗರ ಮನೆಯಲ್ಲಿರುವುದು ಸಿಮ್ ಹಾಕುವ ರೂಟರ್. ಅದಕ್ಕೂ ಟವರಿಗೂ ನಡುವೆ ಗುಡ್ಡದ ಹೆಗಲು ಬಂದರೆ ಅದು ಹೆಮಟೈಟ್ ಆದರೂ ಒಂದೇ, ಬೆಣಚುಕಲ್ಲಾದರೂ ಒಂದೇ. ದೇವರ ಕೋಣೆಯಲ್ಲಿದ್ದ ರೂಟರನ್ನು ಟವರಿನ ಕಡೆಯ ಕಿಟಕಿಗೆ ತಂದಿಟ್ಟರೆ ಗುಡ್ಡ ಅಲ್ಲೇ ಇದ್ದರೂ ಸಿಗ್ನಲ್ ಸುಧಾರಿಸುತ್ತದೆ. ಅವರು ತರಲಿಲ್ಲ. ದೇವರ ಕೋಣೆ ವಾಸ್ತುವಿಗೆ ಸರಿಯಂತೆ.

ಈ ಕಡೆ ನೋಟುಬುಕ್ಕು ತುಂಬುತ್ತಿತ್ತು. ವೈಫೈಯೋ ಹೊರಗಿನ ದಾರಿಯೋ ಎಂಬುದನ್ನು ತೀರ್ಮಾನಿಸುವ ಉಪಾಯ ಮಗಳಿಗೆ ಗೊತ್ತಿತ್ತು. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ ತಂತ್ರಜ್ಞ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಮ್ ಬರೆದ. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನ ಹೆಸರು ಅದು. ದೂರದ ಯಂತ್ರಕ್ಕೆ ಒಂದು ಕೂಗು ಹಾಕುವುದು, 'ಓ' ಎಂದು ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು, ಅಷ್ಟೆ. ಅವಳು ಪರದೆಯ ಮೇಲೆ ಎರಡು ಕಿಟಕಿ ತೆರೆದು, ಒಂದರಲ್ಲಿ ಮನೆಯ ರೂಟರನ್ನೂ (192.168.1.1) ಇನ್ನೊಂದರಲ್ಲಿ ಗೂಗಲ್‌ನ 8.8.8.8 ಅನ್ನೂ ಸೆಕೆಂಡಿಗೊಮ್ಮೆ ಕೂಗಿಸಲು ಬಿಟ್ಟಳು. ಎರಡೂ ಒಟ್ಟಿಗೆ ನಿಂತರೆ ದೋಷ ಮನೆಯೊಳಗೆ. ರೂಟರ್ ಓಗೊಡುತ್ತಿದ್ದು ಎರಡನೆಯದು ಮಾತ್ರ ಮೌನವಾದರೆ ದೋಷ ಹೊರಗೆ. ಜೊತೆಗೆ ವೈಫೈ ಬಿಟ್ಟು ಲ್ಯಾಪ್‌ಟಾಪನ್ನು ನೇರ ವೈರಿನಿಂದ ಜೋಡಿಸಿದಳು. ಕಡ್ಡಿರಾಂಪುರದ ಅನುಮಾನ ಅಲ್ಲಿಗೆ ಮುಗಿಯಿತು. ವೈರಿನಲ್ಲೂ ನೆಟ್ಟು ಬೀಳುತ್ತಲೇ ಇತ್ತು.

ಹತ್ತು ದಿನದ ಬರಹವನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಬೀಳುವುದು ಒಂದೇ ಬಗೆಯದಲ್ಲ, ಎರಡು ಬಗೆ. ಕೆಲವು ಸಲ ಎರಡೂ ಕಿಟಕಿಗಳು ಒಟ್ಟಿಗೆ ನಿಂತು, ಮೂರು ನಾಲ್ಕು ನಿಮಿಷ ಆದಮೇಲೆ ಚೇತರಿಸಿಕೊಳ್ಳುತ್ತಿದ್ದವು. ಕೆಲವು ಸಲ ಎರಡನೆಯದು ಮಾತ್ರ, ಅದೂ ಬಿಟ್ಟುಬಿಟ್ಟು, ಅರ್ಧ ಮುಕ್ಕಾಲು ನಿಮಿಷದ ತುಂಡುಗಳಾಗಿ. ಎರಡು ತಿಂಗಳು ಯಾರಿಗೂ ತಲೆಬುಡ ಸಿಗದೆ ಇದ್ದದ್ದು ಇದಕ್ಕೇ. ಎರಡು ರೋಗಗಳು ಒಂದೇ ಮೈಯಲ್ಲಿದ್ದರೆ ಒಂದಕ್ಕೆ ಔಷಧ ಕೊಟ್ಟರೂ ಗುಣ ಕಾಣುವುದಿಲ್ಲ. ಸರಿಯಾದ ಔಷಧವನ್ನೂ ಜನ ಬಿಸಾಡಿಬಿಡುತ್ತಾರೆ.

ಮೂರು ನಿಮಿಷದ ಬಗೆಯದು ಬೇಗ ಸಿಕ್ಕಿಬಿತ್ತು. ಆ ಹೊತ್ತುಗಳ ಎದುರಿಗೆ ಯಜಮಾನರು 'ಮೋಟರ್' ಎಂದು ಬರೆದಿದ್ದರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರ್ ಹಚ್ಚಿದ ಗಳಿಗೆಯಲ್ಲಿ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಅದರ ಜೊತೆಗೇ ರೂಟರಿನ ದೀಪಗಳೆಲ್ಲ ಆರಿ ಹತ್ತಿಕೊಳ್ಳುತ್ತವೆ. ರೂಟರಿಗೆ 12 ವೋಲ್ಟ್ ಕೊಡುವ ಕರಿಯ ಅಡಾಪ್ಟರನ್ನು ಮೀಟರಿನಲ್ಲಿ ಅಳೆದರೆ ಸರಿಯಾಗಿ 12 ತೋರಿಸಿತು. ಬರಿಗೈಯಲ್ಲಿ ನಿಂತವನನ್ನು ನೋಡಿ ಗಟ್ಟಿಗನೆಂದರೆ ಆಗದು, ಮೂಟೆ ಹೊರಿಸಿ ನೋಡಬೇಕು. ರೂಟರ್ ಜೋಡಿಸಿ ಅಳೆದಾಗ, ಮೋಟರ್ ಹಚ್ಚಿದೊಡನೆ ಮುಳ್ಳು ಹತ್ತರ ಕೆಳಗಿಳಿಯಿತು. ಅಡಾಪ್ಟರಿನೊಳಗಿನ ಕೆಪಾಸಿಟರ್ ಎಂಬುದು ಕ್ಷಣಕಾಲದ ಕೊರತೆಯನ್ನು ತುಂಬಿಕೊಡುವ ಪುಟ್ಟ ತೊಟ್ಟಿ. ಅದರೊಳಗಿನ ದ್ರವ ಶಾಖಕ್ಕೆ ಮೆಲ್ಲಗೆ ಒಣಗುತ್ತದೆ. ಹೊಸಪೇಟೆಯ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಡ. ಹೊಸ ಅಡಾಪ್ಟರ್ ತಂದದ್ದೇ, ಆ ಬಗೆಯ ಬೀಳುವಿಕೆ ಅಂದಿಗೇ ನಿಂತಿತು.

ಉಳಿದದ್ದು ತುಂಡು ತುಂಡಿನದು. ಮೀಟಿಂಗನ್ನು ಕೆಡಿಸುತ್ತಿದ್ದುದೂ ಅದೇ. ಆಗೆಲ್ಲ ಪೆಟ್ಟಿಗೆಯ ಮೇಲೆ 'ಲಾಸ್' ಎಂಬ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಹೊತ್ತು ಬಹುತೇಕ ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ. ವಿಚಿತ್ರವೆಂದರೆ ಮಳೆ ಬಂದ ನಾಲ್ಕು ದಿನ ಒಂದೇ ಒಂದು ಸಲವೂ ಹೋಗಿರಲಿಲ್ಲ! ಕಂಪ್ಲಿಯ ಭಾವಮೈದುನರಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ, ಬರೆದುಕೊಂಡದ್ದು ತಪ್ಪಿರಬೇಕೆಂದರು. ಮಳೆ ಬಂದರೆ ಸರಿಯಿರುವ, ಬಿಸಿಲು ಬಂದರೆ ಕೆಡುವ ವಸ್ತು ಯಾವುದು? ಬಿಸಿಲಿಗೆ ಕೇಬಲ್ಲು ಹಿಗ್ಗುತ್ತದೆಯೆನ್ನೋಣವೆಂದರೆ ಉರಿಬಿಸಿಲಿನ ಮಧ್ಯಾಹ್ನ ಎರಡಕ್ಕೆ ಸರಿಯಾಗಿಯೇ ಇರುತ್ತಿತ್ತು.

ರೂಟರಿನ ಒಳಪುಟದಲ್ಲಿ ಬರುವ ಬೆಳಕಿನ ಅಳತೆ ಸಿಗುತ್ತದೆ, 'ಡಿಬಿಎಂ' ಎಂಬ ಮಾನದಲ್ಲಿ. ಒಂದು ಮಿಲಿವ್ಯಾಟ್ ಎಂದರೆ ಸೊನ್ನೆ. ಅಲ್ಲಿಂದ ಹತ್ತು ಕೆಳಗಿಳಿದರೆ ಹತ್ತರಲ್ಲೊಂದು ಪಾಲು, ಮೂರು ಇಳಿದರೆ ಅರ್ಧ. ಕಂಪನಿಯ ಕಟ್ಟಡದಿಂದ ಹೊರಟ ಒಂದೇ ಎಳೆಯ ಬೆಳಕನ್ನು ಗಾಜಿನ ಕವಲುಗಳಲ್ಲಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ; ಕಾಲುವೆಯ ನೀರು ಹಂಚಿದ ಹಾಗೆಯೇ. ಆದ್ದರಿಂದ ಮನೆ ತಲುಪುವುದು ಕೆಲವೇ ಮೈಕ್ರೋವ್ಯಾಟ್. ಮೈನಸ್ 20 ಇದ್ದರೆ ಆರಾಮ, ಅಂದರೆ ಹತ್ತು ಮೈಕ್ರೋವ್ಯಾಟ್. ಮೈನಸ್ 27ಕ್ಕೆ ಇಳಿದರೆ ಎರಡು ಮೈಕ್ರೋವ್ಯಾಟ್, ಅಂಚಿನ ಮೇಲಿನ ನಡಿಗೆ. ಈ ಮನೆಯಲ್ಲಿ ಅದು ಒಳ್ಳೆಯ ಹೊತ್ತಿನಲ್ಲೇ 25.5 ಇತ್ತು. ಹತ್ತೂವರೆಗೆ 28ಕ್ಕೂ ಕೆಳಗೆ. ಹನ್ನೊಂದೂವರೆಗೆ 27. ಹನ್ನೆರಡಕ್ಕೆ 26. ಏನೋ ಒಂದು ಭಾರ ಬಿದ್ದು, ಮೆಲ್ಲಗೆ ಹಗುರಾದಂತೆ.

ಆ 'ಹಗುರಾದಂತೆ' ಎಂಬುದೇ ಯಜಮಾನರನ್ನು ಮೆಟ್ಟಿಲು ಹತ್ತಿಸಿತು. ಮಹಡಿಯ ಮೇಲೆ ಬಾಡಿಗೆಗಿರುವ ಮನೆಯ ಅಜ್ಜಿ ಹತ್ತು ಗಂಟೆಗೆ ಒಗೆತ ಮುಗಿಸಿ ಸೀರೆಗಳನ್ನು ಹಗ್ಗಕ್ಕೆ ಹರವುತ್ತಾರೆ. ಹಗ್ಗದ ಒಂದು ತುದಿ ಗೋಡೆಯ ಕೊಕ್ಕೆಗೆ. ಗಾಜಿನ ಎಳೆಯ ಕರಿಯ ಕೇಬಲ್ಲನ್ನು ತಂದ ಹುಡುಗ ಹೆಚ್ಚಾದ ಸುರುಳಿಯನ್ನು ಬೇರೆ ಜಾಗ ಕಾಣದೆ ಅದೇ ಕೊಕ್ಕೆಗೆ ಸಿಕ್ಕಿಸಿ, ಅಲ್ಲಿಂದ ಕಡಪ ಕಲ್ಲಿನ ಅಂಚಿನ ಮೇಲೆ ಕೆಳಗಿಳಿಸಿದ್ದ. ನಾಲ್ಕು ಒದ್ದೆ ಸೀರೆಗಳ ಭಾರಕ್ಕೆ ಹಗ್ಗ ಜಗ್ಗಿ, ಕೇಬಲ್ಲನ್ನು ಕಲ್ಲಿನ ಅಂಚಿಗೆ ಒತ್ತಿ ಮಡಚುತ್ತಿತ್ತು. ನೀರು ಬಸಿದು, ಸೀರೆ ಒಣಗಿದಂತೆಲ್ಲ ಹಿಡಿತ ಸಡಿಲ. ಮಳೆ ಬಂದ ದಿನ ಅಜ್ಜಿ ಬಟ್ಟೆಯನ್ನು ಒಳಗೆ ಹರವುತ್ತಿದ್ದರು!

ಗಾಜಿನ ಎಳೆಯೊಳಗೆ ಬೆಳಕು ನಿಲ್ಲುವುದು ಪೂರ್ಣಾಂತರಿಕ ಪ್ರತಿಫಲನದಿಂದ ಎಂಬುದು ಶಾಲೆಯ ಪಾಠ. ಎಳೆಯನ್ನು ಮೃದುವಾಗಿ ಬಾಗಿಸಿದರೆ ಬೆಳಕೂ ಬಾಗುತ್ತದೆ. ಮೊಂಡಾಗಿ ಮಡಚಿದರೆ ತಿರುವಿನಲ್ಲಿ ಜಾರಿ ಹೊರಗೆ ಸೋರುತ್ತದೆ. ಹಳೆಯ ಬಗೆಯ ಎಳೆಗೆ ಮೂರು ಸೆಂಟಿಮೀಟರ್ ತ್ರಿಜ್ಯದ ತಿರುವು ಬೇಕು, ಮನೆಗಳಿಗೆಂದೇ ಮಾಡಿದ ಹೊಸದು ಒಂದು ಸೆಂಟಿಮೀಟರನ್ನೂ ತಾಳೀತು. ಕಲ್ಲಿನ ಅಂಚಿಗೆ ಇದಾವುದೂ ಗೊತ್ತಿಲ್ಲ. ಉದ್ದ ತರಂಗದ ಬೆಳಕು ತಿರುವಿನಲ್ಲಿ ಹೆಚ್ಚು ಸೋರುತ್ತದೆ ಎಂಬುದೂ ಒಂದು ವಿಶೇಷ. ಮನೆಗೆ ಬರುವ ಬೆಳಕು 1,490 ನ್ಯಾನೋಮೀಟರಿನದು, ಮನೆಯಿಂದ ಹೋಗುವುದು 1,310ರದು. ಆದುದರಿಂದ ಮಡಿಕೆಯಿಂದ ಹೆಚ್ಚು ನಷ್ಟವಾಗುವುದು ಬರುವ ದಾರಿಗೆ.

ಕಂಡದ್ದನ್ನೇ ನಿಜವೆಂದು ಒಪ್ಪುವ ಜಾಯಮಾನ ಯಜಮಾನರದಲ್ಲ. ಅಂದು ರಾತ್ರಿ ಎಂಟಕ್ಕೆ, ಎಂದೂ ನೆಟ್ಟು ಕೆಡದ ಹೊತ್ತಿನಲ್ಲಿ, ಅರ್ಧ ಬಕೆಟ್ ನೀರನ್ನು ಅದೇ ಹಗ್ಗಕ್ಕೆ ತೂಗುಹಾಕಿದರು. ಕೆಳಗಿನಿಂದ ಮಗಳು 'ಹೋತು!' ಎಂದು ಕೂಗಿದಳು. ಬಕೆಟ್ ಇಳಿಸಿದರು. 'ಬಂತು!' ಮೂರು ಸಲ ಇಳಿಸಿ ಏರಿಸಿ, ಮೂರು ಸಲವೂ ಅದೇ ಉತ್ತರ ಬಂದಮೇಲೆ ನೋಟುಬುಕ್ಕಿನಲ್ಲಿ ಗೆರೆ ಎಳೆದರು. ಕತ್ತಲಲ್ಲಿ ಹಗ್ಗಕ್ಕೆ ಬಕೆಟ್ಟು ನೇತುಹಾಕಿ ಇಳಿಸುತ್ತಿರುವ ಮನೆಯೊಡೆಯನನ್ನು ಬಾಗಿಲ ಸಂದಿಯಿಂದ ನೋಡಿದ ಅಜ್ಜಿ ಏನೆಂದುಕೊಂಡರೋ, ಮರುದಿನ ಬೆಳಿಗ್ಗೆ ಬಂದು 'ಆರೋಗ್ಯ ಹೆಂಗೈತಿ?' ಎಂದು ಕೇಳಿದರು.

ವಿಷಯ ತಿಳಿದು ಅವರಿಗೆ ಬಹಳ ನೋವಾಯಿತು. 'ನನ್ನ ಸೀರಿಯಿಂದ ಹುಡುಗಿ ಕೆಲ್ಸ ಹೋಗ್ತಿತ್ತೇನಪ್ಪಾ?' ಎಂದು ಅಂದು ಒಗೆದದ್ದನ್ನು ಹರವಲೇ ಇಲ್ಲ. ಸೀರೆಯದೇನೂ ತಪ್ಪಿಲ್ಲ, ಕೊಕ್ಕೆಯದು ಎಂದು ಅವರನ್ನು ಒಪ್ಪಿಸುವುದು ಕೆಂಪು ದೀಪದ ಮೂಲ ಹುಡುಕುವುದಕ್ಕಿಂತ ಕಷ್ಟವಾಯಿತಂತೆ.

ರಿಪೇರಿಯ ಹುಡುಗನಿಗೆ ಈ ಸಲ 'ನೆಟ್ ಸರಿಯಿಲ್ಲ' ಎಂದು ಹೇಳಲಿಲ್ಲ. 'ಒದ್ದೆ ಬಟ್ಟೆ ಹಾಕಿದಾಗ 28, ತೆಗೆದಾಗ 25' ಎಂದು ಬರೆದ ಪುಟ ತೋರಿಸಿದರು. ಅವನು ನಗಲಿಲ್ಲ. ಕೇಬಲ್ಲನ್ನು ಗೋಡೆಯ ಇನ್ನೊಂದು ಮಗ್ಗುಲಿನಿಂದ ಅಗಲವಾದ ತಿರುವು ಕೊಟ್ಟು ಇಳಿಸಿದ. ಮಡಚಿ ಮಡಚಿ ನೊಂದಿದ್ದ ಒಂದು ಅಡಿಯಷ್ಟನ್ನು ಕತ್ತರಿಸಿ ಹೊಸದಾಗಿ ಬೆಸೆದ. ಅಳತೆ ಮೈನಸ್ 20.4ಕ್ಕೆ ಬಂತು. ಇಪ್ಪತ್ತು ನಿಮಿಷದ ಕೆಲಸ.

ಸಂಜೆ ಎಂಟರಿಂದ ಹತ್ತರವರೆಗೆ ವೇಗ ಈಗಲೂ ಕುಂಟುತ್ತದೆ. ಓಣಿಯವರೆಲ್ಲ ಒಟ್ಟಿಗೆ ಸಿನಿಮಾ ನೋಡುವ ಹೊತ್ತು ಅದು; ಅದಕ್ಕೆ ಮನೆಯಲ್ಲಿ ಮಾಡುವಂಥದು ಏನಿಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನ ಟಿಕೆಟ್ಟನ್ನು ಮಗಳು ಹೊರಡುವ ಮುನ್ನಾದಿನ ರದ್ದು ಮಾಡಿದಳು. ಕಳೆದುಕೊಂಡ ಹಣವನ್ನು ಯಜಮಾನರು ಅಡಾಪ್ಟರಿನ ಬೆಲೆಯ ಕೆಳಗೆ ಬರೆದಿಟ್ಟಿದ್ದಾರೆ. ಆ ನೋಟುಬುಕ್ಕಿನ ಉಳಿದ ಪುಟಗಳಲ್ಲಿ ಈಗ ಹಾಲಿನ ಲೆಕ್ಕ, ಮತ್ತು ಹೆಂಡತಿ ಬಲಗೈಯ ಬೆರಳುಗಳನ್ನು ಎಷ್ಟು ಮಡಚಿದಳು ಎಂಬ ದಿನದಿನದ ಬರಹ.